ಗೌಂಡಿಯ ಮಗನಿಗೆ ಬಿಲ್ಡಿಂಗ್ ಡ್ರಾಯಿಂಗ್ ಕಲಿಸಿದ್ದು

ಕಳೆದ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಬಂದ ಒಂದು ಭಾನುವಾರ, ಪುಣೆಯ ವಾಕಡ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಬಚ್ಚಲಮನೆಗೆ ಟೈಲ್ಸ್ ಕೂರಿಸಲು ಒಬ್ಬ ಗೌಂಡಿ ಬಂದಿದ್ದರು. ನನ್ನ ಜೊತೆ ಹಿಂದಿಯಲ್ಲಿ ದರ ಕುದುರಿಸಿ, ಆಮೇಲೆ ಫೋನ್ ತೆಗೆದು ಹೆಂಡತಿಗೆ "ಊಟಕ್ಕ ಬರಂಗಿಲ್ಲ, ಕಟ್ಟಿ ಕಳಸು" ಅಂದರು. ಹೊರನಾಡಿನಲ್ಲಿರುವ ನಮಗೆಲ್ಲ ಇದು ಗೊತ್ತಿರುವ ಅನುಭವವೇ. ಆ ಒಂದು ಮಾತಿಗೆ ದರದ ಜಗಳ ಮರೆತುಹೋಗಿ ಚಹಾ ಬಂತು. ಊರು ಯಾದಗಿರಿ ಜಿಲ್ಲೆಯ ಸುರಪುರದ ಕಡೆ. ಪುಣೆಗೆ ಬಂದು ಇಪ್ಪತ್ತು ವರ್ಷ. ನಾನು ದಾವಣಗೆರೆಯಲ್ಲಿ ಸಿವಿಲ್ ಓದಿದವಳು, ಎಂ.ಟೆಕ್. ಕೂಡ ಅದರಲ್ಲೇ, ಆದರೆ ಹದಿನಾಲ್ಕು ವರ್ಷದಿಂದ ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೇನೆ ಎಂದೆ. ಅವರು ಕರಣಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಕ್ಕಾರ, ನಮ್ಮ ಹುಡುಗ ಅದನ್ನ ಓದಾಕತ್ಯಾನ್ರಿ. ಡಿಪ್ಲೊಮಾ. ಎಲ್ಲಾ ಪಾಸ್ ಮಾಡ್ಯಾನ, ಡ್ರಾಯಿಂಗ್ ಒಂದು ಎರಡು ಸಲ ಹೋಗ್ಯಾದ. ಈ ಸಲ ಹೋತಂದ್ರ ನನ್ನ ಜೋಡಿ ಬಾ ಅಂದೀನಿ, ಕರಣಿ ಹಿಡೀಲಿ."

ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಲೆಕ್ಕ ಇತ್ತು. ಸಿಮೆಂಟಿನಲ್ಲಿ ಬೆಂದ ಅವರ ಬೆರಳುಗಳ ತುದಿ ನೋಡಿದೆ. ಪರೀಕ್ಷೆ ನವೆಂಬರ್ ಕೊನೆಗೆ, ಇನ್ನು ಎಂಟು ವಾರವೂ ಇರಲಿಲ್ಲ. ಯೋಚಿಸದೆ "ಕಳಿಸಿ" ಅಂದುಬಿಟ್ಟೆ. ರಾತ್ರಿ ಮಲಗುವಾಗ ನಾನು ಕೊನೆಯ ಸಲ ಡ್ರಾಫ್ಟರ್ ಹಿಡಿದದ್ದು ಯಾವಾಗ ಎಂದು ಲೆಕ್ಕ ಹಾಕಿ ಗಾಬರಿಯಾಯಿತು.

ಹುಡುಗ ಮರುದಿನ ಸಂಜೆ ಬಂದ. ಹತ್ತೊಂಬತ್ತು ವರ್ಷ, ಸಂಕೋಚದವನು. ಮನೆಯಲ್ಲಿ ಕನ್ನಡ, ಹತ್ತನೆಯ ತನಕ ಮರಾಠಿ ಶಾಲೆ, ಈಗ ಇಂಗ್ಲಿಷ್ ಪುಸ್ತಕ. ಕನ್ನಡ ಓದಲು ಬರುವುದಿಲ್ಲ. ಹಿಂದಿನ ಎರಡು ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೂ ತಾನು ಮನೆಯಲ್ಲಿ ಬಿಡಿಸಿದ ಶೀಟುಗಳನ್ನೂ ಸುರುಳಿ ಸುತ್ತಿ ತಂದಿದ್ದ. ಬಿಚ್ಚಿ ನೋಡಿದರೆ ಗೆರೆಗಳು ಚೆಂದವಾಗಿದ್ದವು, ನನ್ನ ಗೆರೆಗಳಿಗಿಂತ ಚೆಂದ. ಅಕ್ಷರಗಳಂತೂ ಅಚ್ಚುಹಾಕಿದ ಹಾಗೆ. ಆದರೆ ಶೀಟಿನ ಒಂದು ಮೂಲೆಯಲ್ಲಿ ಎಲ್ಲ ಗೆರೆಯೂ ಅಲೆಅಲೆ.

"ಇಲ್ಲೇಕೆ ಹೀಗೆ?"

"ಅಲ್ಲಿ ಡಬ್ಬಿ ಸಣ್ಣದೈತ್ರಿ ಅಕ್ಕಾರ."

ಪತ್ರಾ ಶೆಡ್ಡಿನಲ್ಲಿ ಮೇಜಿಲ್ಲ. ಬಣ್ಣದ ನಾಲ್ಕು ಡಬ್ಬಿಗಳ ಮೇಲೆ ಬೋರ್ಡ್ ಇಟ್ಟು ಅವನು ಬಿಡಿಸುತ್ತಿದ್ದ, ಅದರಲ್ಲಿ ಒಂದು ಡಬ್ಬಿ ಗಿಡ್ಡ. ಈ ಪರೀಕ್ಷೆಯ ಬಗ್ಗೆ ನನ್ನ ಮೊದಲ ತಕರಾರು ಇದೇ. ಗಣಿತವನ್ನು ಬೀದಿದೀಪದ ಕೆಳಗೆ ಕೂತು ಕಲಿಯಬಹುದು. ಡ್ರಾಯಿಂಗಿಗೆ ಸಮತಟ್ಟಾದ ಒಂದು ಹಲಗೆ, ನೆರಳು ಬೀಳದ ಬೆಳಕು, ಯಾರೂ ತುಳಿಯದ ಜಾಗ ಬೇಕು. ಹತ್ತಡಿ ಶೆಡ್ಡಿನಲ್ಲಿ ಐದು ಜನ ಇರುವವರಿಗೆ ಇದನ್ನು ಯಾರು ಕೊಡುತ್ತಾರೆ? ಅವತ್ತಿನಿಂದ ನಮ್ಮ ಊಟದ ಮೇಜು ಅವನದಾಯಿತು. ರಾತ್ರಿ ಎಂಟೂವರೆಯಿಂದ ಹನ್ನೊಂದು. ನಾವು ಮೂವರೂ ನೆಲದ ಮೇಲೆ ಊಟಕ್ಕೆ ಕೂತೆವು. ಮಗಳಿಗೆ ಅದು ದಿನಾ ಪಿಕ್‌ನಿಕ್ ಇದ್ದ ಹಾಗೆ.

ಅವನ ಪತ್ರಿಕೆ ನಾಲ್ಕು ಗಂಟೆಯದು. ಮುಖ್ಯ ಪ್ರಶ್ನೆಯಲ್ಲಿ ಒಂದು ಲೈನ್ ಪ್ಲ್ಯಾನ್ ಕೊಡುತ್ತಾರೆ. ಅಂದರೆ ಕೋಣೆಗಳನ್ನು ಒಂಟಿ ಗೆರೆಯಲ್ಲಿ ತೋರಿಸಿದ ಚಿತ್ರ. ಅದನ್ನು ಗೋಡೆಯ ದಪ್ಪ, ಬಾಗಿಲು, ಕಿಟಕಿ ಎಲ್ಲ ಸೇರಿಸಿ ಪೂರ್ತಿ ಪ್ಲ್ಯಾನ್ ಮಾಡಬೇಕು. ಮುಂಭಾಗದ ಎಲಿವೇಶನ್ ಬಿಡಿಸಬೇಕು. ಕೊಟ್ಟ ಗೆರೆಯ ಮೇಲೆ ಮನೆಯನ್ನು ಕೊಯ್ದರೆ ಹೇಗೆ ಕಾಣುತ್ತದೋ ಆ ಸೆಕ್ಷನ್ ಬಿಡಿಸಬೇಕು. ಸಾಮಾನ್ಯವಾಗಿ 1:50 ಅಥವಾ 1:100 ಸ್ಕೇಲ್. ಇದರ ಜೊತೆ ಬಾಗಿಲು ಕಿಟಕಿಗಳ ಪಟ್ಟಿ, ಚಿಹ್ನೆಗಳು, ಮೆಟ್ಟಿಲಿನ ಲೆಕ್ಕ, ಯೋಜನೆಯ ತತ್ವಗಳ ಸಣ್ಣ ಪ್ರಶ್ನೆಗಳು.

ಹುಡುಗ ಮಾಡಿದ್ದೇನೆಂದರೆ ಹಳೆಯ ಪ್ರಶ್ನೆಪತ್ರಿಕೆಗಳ ಆರೇಳು ಉತ್ತರಗಳನ್ನು ಚಿತ್ರದಂತೆ ಬಾಯಿಪಾಠ ಮಾಡಿದ್ದು. ಬಾಯಿಪಾಠವಲ್ಲ, ಕೈಪಾಠ. ಪರೀಕ್ಷೆಯಲ್ಲಿ ಬೇರೆ ಮನೆ ಬಂದಾಗ ಹಳೆಯ ಮನೆಯ ತುಂಡುಗಳನ್ನು ತಂದು ಜೋಡಿಸಿದ್ದಾನೆ. ಪ್ಲಿಂತ್ 600 ಮಿ.ಮೀ. ಎಂದು ಬರೆದು ಮುಂದೆ ಮೂರೇ ಮೆಟ್ಟಿಲು ಇಟ್ಟಿದ್ದ, ಏಕೆಂದರೆ ಅವನು ಕಲಿತ ಚಿತ್ರದಲ್ಲಿ ಪ್ಲಿಂತ್ 450 ಇತ್ತು, 150ರಂತೆ ಮೂರು ಮೆಟ್ಟಿಲು ಸರಿಹೋಗಿತ್ತು. 600ಕ್ಕೆ ನಾಲ್ಕು ಬೇಕು. ಅವನಿಗೆ ಗೊತ್ತಿಲ್ಲವೆಂದಲ್ಲ, ಕೇಳಿದರೆ ತಕ್ಷಣ ಹೇಳುತ್ತಾನೆ. ಕೈ ಮಾತ್ರ ಹಳೆಯದನ್ನೇ ಬಿಡಿಸುತ್ತದೆ.

ಮೊದಲ ವಾರ ಪೆನ್ಸಿಲ್ ಮುಟ್ಟಿಸಲಿಲ್ಲ. ಬರೀ ಲೆಕ್ಕ. ಲೈನ್ ಪ್ಲ್ಯಾನಿನಲ್ಲಿ ಕೊಡುವುದು ಹೆಚ್ಚಾಗಿ ಕೋಣೆಯ ಒಳ ಅಳತೆ. ಪಕ್ಕಪಕ್ಕದ ಎರಡು ಕೋಣೆ, ಒಂದು 3.0 ಮೀಟರ್, ಇನ್ನೊಂದು 3.6. ಗೋಡೆ 300 ಮಿ.ಮೀ. ಹೊರಗಿನಿಂದ ಮನೆಯ ಅಗಲ ಎಷ್ಟು? ಅವನು 6.6 ಎಂದು ಬರೆದ. ಅವತ್ತು ಮಗನನ್ನು ಕರೆದೊಯ್ಯಲು ಬಂದು ಬಾಗಿಲ ಬಳಿ ನಿಂತಿದ್ದ ಅಪ್ಪ ನಕ್ಕುಬಿಟ್ಟರು. "ಗ್ವಾಡಿ ಎಲ್ಲಿ ಕಟ್ತಿಯೋ? ಓಣ್ಯಾಗೇನು?" ಮೂರು ಗೋಡೆ ಸೇರಿಸಿ 7.5 ಮೀಟರ್. 1:50ರಲ್ಲಿ ಕಾಗದದ ಮೇಲೆ 150 ಮಿ.ಮೀ. ಅವನು ಎರಡು ಸಲವೂ ಇದನ್ನು 132 ಎಂದು ಶುರುಮಾಡಿ, ಅರ್ಧದಲ್ಲಿ ಕೋಣೆಗಳು ಹಿಡಿಸದೆ, ಅಳಿಸಿ, ಕಾಗದ ಹರಿದು, ಒಂದು ಗಂಟೆ ಕಳೆದುಕೊಂಡಿದ್ದ.

ಅವತ್ತಿನಿಂದ ಅಪ್ಪನನ್ನೂ ಒಳಗೆ ಕೂರಿಸಿಕೊಂಡೆ. ಅವರಿಗೆ ಡ್ರಾಯಿಂಗ್ ಓದಲು ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಂಕಿ ಓದುತ್ತಾರೆ, ಅಕ್ಷರ ಓದುವುದಿಲ್ಲ. ಅವರಿಗೆ ಪ್ಲ್ಯಾನ್ ಸಲೀಸು. ಹುಡುಗನಿಗೆ ಮೈಮೇಲೆ ಬರುತ್ತಿದ್ದದ್ದು ಸೆಕ್ಷನ್.

ಸೆಕ್ಷನ್ ಎಲ್ಲರಿಗೂ ಕಷ್ಟವೇ. ನನಗೂ ಇತ್ತು. ಕಾಲೇಜಿನಲ್ಲಿ ನಮಗೆ ಕಲಿಸುತ್ತಿದ್ದವರೊಬ್ಬರು "ಕಲ್ಪಿಸಿಕೊಳ್ಳಿ" ಎಂದಷ್ಟೇ ಹೇಳಿ ಬೋರ್ಡಿನ ಕಡೆ ತಿರುಗುತ್ತಿದ್ದರು. ಏನನ್ನು ಕಲ್ಪಿಸಬೇಕು? ನಾನು ರಟ್ಟಿನ ಪೆಟ್ಟಿಗೆ ಕತ್ತರಿಸಿ ತೋರಿಸಿದೆ. ಬ್ರೆಡ್ ಕತ್ತರಿಸಿದೆ. ಹುಡುಗ ತಲೆಯಾಡಿಸಿದ. ಆದರೆ ಹಾಳೆಯ ಮೇಲೆ ಮತ್ತೆ ಹಳೆಯ ತಪ್ಪೇ. ಕೊಯ್ಯುವ ಗೆರೆ ಕಿಟಕಿಯ ಮೂಲಕ ಹಾದುಹೋದರೂ ಅಲ್ಲಿ ಇಡೀ ಗೋಡೆ ತೋರಿಸುತ್ತಿದ್ದ. ಕೊಯ್ದ ಗೋಡೆಗೂ ಅದರ ಹಿಂದೆ ದೂರದಲ್ಲಿ ಕಾಣುವ ಬಾಗಿಲಿಗೂ ಒಂದೇ ದಪ್ಪದ ಗೆರೆ ಹಾಕುತ್ತಿದ್ದ.

ಅಪ್ಪ ಬಹಳ ಹೊತ್ತು ನೋಡಿ ಹೇಳಿದರು: "ಆ ವರ್ಷ ಮಳಿಗೆ ನಮ್ಮ ಮನಿ ಬಿದ್ದಿತ್ತಲ್ಲ, ನೆನಪೈತಿ? ಮುಂದಿನ ಗ್ವಾಡಿ ಅಷ್ಟ ಹೋಗಿತ್ತು. ಓಣ್ಯಾಗ ನಿಂತ್ರ ಒಳಗಿನ ಜಂತಿ, ಮಾಡ, ನಿಮ್ಮವ್ವನ ಡಬ್ಬಿ ಎಲ್ಲಾ ಕಾಣ್ತಿದ್ವು. ಮುರದ ಗ್ವಾಡ್ಯಾಗ ಕಲ್ಲು ಹೆಂಗ ಕುಂತಾವ, ನಡುವ ಮಣ್ಣೆಷ್ಟೈತಿ, ಮ್ಯಾಲ ಮಾಳಿಗಿ ಎಷ್ಟು ದಪ್ಪ, ಅದೂ ಕಾಣ್ತಿತ್ತು. ಅದನ್ನ ತಗಿ."

ಹುಡುಗನಿಗೆ ಆಗ ಏಳೆಂಟು ವರ್ಷವಿದ್ದಿರಬೇಕು. ಆ ಮನೆಯನ್ನು ಬಿಟ್ಟೇ ಅವರು ಪುಣೆಗೆ ಸಂಸಾರ ತಂದದ್ದು. ಅವನು ಹಾಳೆಯ ಕಡೆ ನೋಡದೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮುರಿದ ಗೋಡೆ ಯಾವುದು, ಆಚೆ ನಿಂತ ಗೋಡೆ ಯಾವುದು ಎಂದು ಕೇಳುವ ಅಗತ್ಯವೇ ಬರಲಿಲ್ಲ. ಕತ್ತಿ ತಾಗಿದ್ದೆಲ್ಲ ದಪ್ಪ ಗೆರೆ ಮತ್ತು ಒಳಗೆ ಆಯಾ ಸಾಮಾನಿನ ಗುರುತು. ಇಟ್ಟಿಗೆಗೆ ಓರೆ ಗೆರೆಗಳು, ಕಾಂಕ್ರೀಟಿಗೆ ಚುಕ್ಕಿ ಮತ್ತು ಸಣ್ಣ ತ್ರಿಕೋನಗಳು. ಕತ್ತಿ ತಾಗದೆ ಹಿಂದೆ ಕಾಣುವುದೆಲ್ಲ ತೆಳು ಗೆರೆ. ಇಷ್ಟೇ ನಿಯಮ. ಆದರೆ ನಿಯಮವನ್ನು ಅವನಿಗೆ ಮೊದಲೂ ಹೇಳಿದ್ದರು, ನಾನೂ ಹೇಳಿದ್ದೆ.

ಇನ್ನೊಂದು ವಿಚಿತ್ರ ಆಮೇಲೆ ಹೊಳೆಯಿತು. ಈ ಹುಡುಗ ಹುಟ್ಟಿದಾಗಿನಿಂದ ಕಟ್ಟಡಗಳ ನಡುವೆಯೇ ಬೆಳೆದವನು, ಆದರೆ ಪರೀಕ್ಷೆ ಕೇಳುವ ಕಟ್ಟಡವನ್ನು ಅವನು ಪುಣೆಯಲ್ಲಿ ನೋಡಿಯೇ ಇಲ್ಲ. ಪತ್ರಿಕೆಯಲ್ಲಿ ಲೋಡ್ ಬೇರಿಂಗ್ ಗೋಡೆ ಬರುತ್ತದೆ. ಅಂದರೆ ಚಾವಣಿಯ ಭಾರ ಗೋಡೆಯೇ ಹೊರುವ ಮನೆ. ಕೆಳಗೆ 1:4:8 ಕಾಂಕ್ರೀಟಿನ ಹಾಸು, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಬರುವ ಕಲ್ಲಿನ ಪಾಯ, ಪ್ಲಿಂತ್ ಮಟ್ಟದಲ್ಲಿ ತೇವ ಮೇಲೇರದಂತೆ ಡಿ.ಪಿ.ಸಿ. ಅವನ ಶೆಡ್ಡಿನ ಪಕ್ಕದಲ್ಲಿ ಏಳುತ್ತಿರುವುದು ಅಲ್ಯೂಮಿನಿಯಂ ಸೆಂಟ್ರಿಂಗಿನಲ್ಲಿ ಗೋಡೆ ಸ್ಲ್ಯಾಬು ಒಟ್ಟಿಗೆ ಎರಕ ಹೊಯ್ಯುವ ಎತ್ತರದ ಕಟ್ಟಡ. ಅಲ್ಲಿ ಡಿ.ಪಿ.ಸಿ. ಎಲ್ಲಿಂದ ಬರಬೇಕು? ಪಾಯದ ಮೆಟ್ಟಿಲು ಎಂದರೆ ಅವನಿಗೆ ಪುಸ್ತಕದ ಒಂದು ಆಕಾರ ಮಾತ್ರ. ಅಪ್ಪ ಮಾತ್ರ ಊರಿನಲ್ಲಿದ್ದಾಗ ಇಂಥ ಪಾಯ ಹಾಕಿದವರು. ಎರಡೂ ಕಡೆ ಸಮವಾಗಿ ಚಾಚಬೇಕು, ಒಂದು ಕಡೆ ಹೆಚ್ಚಾದರೆ ಗೋಡೆ ಇನ್ನೊಂದು ಕಡೆ ವಾಲುತ್ತದೆ ಎಂದು ಬೆರಳುಗಳನ್ನು ಹೆಣೆದು ತೋರಿಸಿದರು. ಡಿ.ಪಿ.ಸಿ. ಹಾಕದ ಊರ ಗೋಡೆಗಳಲ್ಲಿ ನೆಲದಿಂದ ಮೊಳಕಾಲುಮಟ್ಟ ಸುಣ್ಣ ಉದುರಿ ಬಿಳಿ ಉಪ್ಪು ಕಾಣುವುದನ್ನು ನೆನಪಿಸಿದರು. ನಮ್ಮ ದಾವಣಗೆರೆಯ ಅಜ್ಜನ ಮನೆಯ ಹಿತ್ತಲ ಗೋಡೆಯೂ ಹಾಗೇ ಇತ್ತು. 40–50 ಮಿ.ಮೀ. ದಪ್ಪದ ಒಂದು ಪಟ್ಟಿಯನ್ನು ಚಿತ್ರದಲ್ಲಿ ಬಿಟ್ಟರೆ ಏಕೆ ಅಂಕ ಕಳೆಯುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ.

ಮೆಟ್ಟಿಲಿನ ಪ್ರಶ್ನೆಯಲ್ಲೂ ಹೀಗೇ ಆಯಿತು. ಮಹಡಿಯಿಂದ ಮಹಡಿಗೆ 3.30 ಮೀಟರ್, ಒಂದು ಮೀಟರ್ ಅಗಲದ ಡಾಗ್ ಲೆಗ್ಡ್ ಮೆಟ್ಟಿಲು. ಒಂದೊಂದರ ಎತ್ತರ 165 ಮಿ.ಮೀ. ಹಿಡಿದರೆ 20 ಏರುಗಳು, ಒಂದು ಸಾಲಿಗೆ 10. ಹುಡುಗ ಪ್ರತಿಸಲವೂ ಸಾಲಿಗೆ 10 ತುಳಿ ಬಿಡಿಸುತ್ತಿದ್ದ. ಪುಸ್ತಕದಲ್ಲಿ ತುಳಿಗಳು ಏರಿಗಿಂತ ಒಂದು ಕಡಿಮೆ ಎಂದು ಸೂತ್ರವಿದೆ, ಅದನ್ನು ಒಮ್ಮೆ ನೆನಪಿಟ್ಟು ಮೂರು ಸಲ ಮರೆಯುತ್ತಿದ್ದ. ಅಪ್ಪ ಅಂದರು, "ಕಡೀ ಮೆಟ್ಟಲ ಹತ್ತಿದ ಮ್ಯಾಲ ಕಾಲು ಎಲ್ಲಿ ಇಡ್ತಿ? ಲ್ಯಾಂಡಿಂಗ್ ಮ್ಯಾಲ. ಅದಕ್ಯಾಕ ಇನ್ನೊಂದು ಕಲ್ಲು?" ಆದ್ದರಿಂದ 9 ತುಳಿ, ಒಂದೊಂದು 250, ಒಟ್ಟು 2.25 ಮೀಟರ್. ನಡುವಿನ ಲ್ಯಾಂಡಿಂಗ್ ಒಂದು ಮೀಟರ್, ಹತ್ತುವ ಕಡೆ ಓಡಾಡಲು ಒಂದು ಮೀಟರ್, ಕೋಣೆಯ ಉದ್ದ 4.25. ಹತ್ತು ತುಳಿ ಹಾಕಿದರೆ ಹತ್ತುವ ಕಡೆ ಮುಕ್ಕಾಲು ಮೀಟರ್ ಉಳಿಯುತ್ತದೆ, ಹೊಟ್ಟೆಯಿರುವವರು ತಿರುಗಲಾರರು.

ಇಲ್ಲಿ ನಾನು ಹೇಳಿಕೊಟ್ಟ ಒಂದು ಉಪಾಯವನ್ನೂ ಹೇಳಬೇಕು, ಎಲ್ಲ ಶ್ರೇಯ ಅಪ್ಪನಿಗೇ ಹೋಗಬಾರದಲ್ಲ. 1:50ರಲ್ಲಿ 165 ಮಿ.ಮೀ. ಎಂದರೆ 3.3 ಮಿ.ಮೀ. ಅದನ್ನು ಸ್ಕೇಲಿನಲ್ಲಿ ಇಪ್ಪತ್ತು ಸಲ ಗುರುತಿಸಿದರೆ ಇಪ್ಪತ್ತು ಸಲದ ತಪ್ಪು ಕೂಡಿ ಕೊನೆಯ ಮೆಟ್ಟಿಲು ಸ್ಲ್ಯಾಬಿಗೆ ಸೇರುವುದಿಲ್ಲ. ಶಾಲೆಯಲ್ಲಿ ಗೆರೆಯನ್ನು ಸಮಭಾಗ ಮಾಡಲು ಕಲಿತದ್ದು ನೆನಪಿದೆಯಲ್ಲ? 66 ಮಿ.ಮೀ. ಲಂಬ ಗೆರೆಯ ಬುಡದಿಂದ ಒಂದು ಓರೆ ಗೆರೆ ಎಳೆದು, ಅದರ ಮೇಲೆ 5 ಮಿ.ಮೀ.ಯಂತೆ ಇಪ್ಪತ್ತು ಗುರುತು ಹಾಕಿ, ಕೊನೆಯ ಗುರುತನ್ನು ಲಂಬ ಗೆರೆಯ ತುದಿಗೆ ಸೇರಿಸಿ, ಉಳಿದವಕ್ಕೆಲ್ಲ ಸಮಾನಾಂತರ ಎಳೆದರೆ ಇಪ್ಪತ್ತೂ ಸಮ. ಎರಡು ನಿಮಿಷದ ಕೆಲಸ. ಹುಡುಗ ಇದಕ್ಕೆ ಮಾತ್ರ ಬಾಯಿ ತೆರೆದು ನಕ್ಕ.

ಸಮಯ ಉಳಿಸುವ ದೊಡ್ಡ ದಾರಿ ಬೇರೆಯೇ. ನಮ್ಮ ದೇಶದಲ್ಲಿ ಅನುಸರಿಸುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್, ಹಾಗಾಗಿ ಪ್ಲ್ಯಾನ್ ಕೆಳಗೆ, ಎಲಿವೇಶನ್ ಅದರ ನೇರ ಮೇಲೆ. ಸೆಕ್ಷನ್ ಅನ್ನು ಎಲಿವೇಶನ್ನಿನ ಪಕ್ಕಕ್ಕೆ, ಒಂದೇ ನೆಲಮಟ್ಟದ ಗೆರೆಯ ಮೇಲೆ ಇಟ್ಟುಕೊಂಡರೆ ಎತ್ತರಗಳನ್ನು ಒಂದೇ ಸಲ ಅಳೆದರೆ ಸಾಕು. ಪ್ಲಿಂತ್, ಕಿಟಕಿಯ ಸಿಲ್ 900, ಲಿಂಟಲ್ 2100, ಸಜ್ಜಾ, ಸ್ಲ್ಯಾಬು, ಪ್ಯಾರಪೆಟ್ ಎಲ್ಲವನ್ನೂ ಸೆಕ್ಷನ್‌ನಲ್ಲಿ ಗುರುತಿಸಿ, ಡ್ರಾಫ್ಟರ್ ಸರಿಸಿ ಎಲಿವೇಶನ್ನಿಗೆ ಎಳೆದುಬಿಡುವುದು. ಅಗಲಗಳು ಪ್ಲ್ಯಾನಿನಿಂದ ಮೇಲೇರುತ್ತವೆ, ಎತ್ತರಗಳು ಸೆಕ್ಷನ್‌ನಿಂದ ಅಡ್ಡ ಬರುತ್ತವೆ. ಎಲಿವೇಶನ್ ತಾನಾಗಿ ಬರುತ್ತದೆ, ಹೊಸದಾಗಿ ಏನನ್ನೂ ಅಳೆಯುವುದಿಲ್ಲ. ಹುಡುಗ ಇಲ್ಲಿಯ ತನಕ ಎಲಿವೇಶನ್ ಮೊದಲು ಮಾಡುತ್ತಿದ್ದ, ಏಕೆಂದರೆ ಅದು ನೋಡಲು ಚೆಂದ. ಕೊನೆಗೆ ಸೆಕ್ಷನ್ನಿಗೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು.

ಹೀಗೆ ನಾವು ಒಂದು ಕ್ರಮ ಮಾಡಿಕೊಂಡೆವು. ಮೊದಲ ಇಪ್ಪತ್ತು ನಿಮಿಷ ಲೆಕ್ಕ ಮತ್ತು ಶೀಟಿನಲ್ಲಿ ಯಾವುದು ಎಲ್ಲಿ ಎಂಬ ಜಾಗ. ಆಮೇಲೆ 2H ಪೆನ್ಸಿಲಿನಿಂದ ಮೂರನ್ನೂ ತೆಳುವಾಗಿ ಎಳೆದುಬಿಡುವುದು, ಕಪ್ಪು ಮಾಡುವುದು ಎಲ್ಲ ಆದಮೇಲೆಯೇ. ಒಂದನ್ನು ಪೂರ್ತಿ ಸಿಂಗರಿಸಿ ಇನ್ನೊಂದಕ್ಕೆ ಹೋಗಬಾರದು. ಸಿಂಗಾರದ ಗೀಳು ಅವನನ್ನು ಬಿಡಿಸಲು ಮೂರು ವಾರ ಬೇಕಾಯಿತು. ಒಂದು ರಾತ್ರಿ ಕಿಟಕಿಯ ಗ್ರಿಲ್ಲಿನ ಸರಳುಗಳನ್ನು ಒಂದೊಂದೇ ಎಳೆಯುತ್ತಿದ್ದವನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡೆ. ಸ್ವಲ್ಪ ಜೋರಾಗಿಯೇ. ಅವನು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದಾಗ ನಾನೂ ಅದರ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಗ್ರಿಲ್ ಮಾತ್ರ ಮತ್ತೆ ಬರಲಿಲ್ಲ.

ಯೋಜನೆಯ ಸಣ್ಣ ಪ್ರಶ್ನೆಗಳಿಗೆ ಅಂಕಿಗಳು ಬಾಯಲ್ಲಿ ಇರಲೇಬೇಕು. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ಪ್ರಕಾರ ವಾಸದ ಒಂಟಿ ಕೋಣೆ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರಿಗಿಂತ ಕಡಿಮೆ ಇರಬಾರದು, ಎತ್ತರ 2.75 ಮೀಟರ್, ಅಡುಗೆಮನೆ 5 ಚದರ ಮೀಟರ್. ಇವನ್ನು ಹೇಳಿಕೊಡುವಾಗ ಹುಡುಗ ಏನೋ ಲೆಕ್ಕ ಹಾಕುತ್ತಿದ್ದ. "ನಮ್ಮ ಶೆಡ್ಡು ಒಂಬತ್ತೂ ಇಲ್ರಿ ಅಕ್ಕಾರ, ಅಡಗಿನೂ ಅದರಾಗ" ಎಂದ. ನಾನು ಉತ್ತರ ಕೊಡದೆ ಮುಂದಿನ ಅಂಕಿಗೆ ಹೋದೆ. ಈಗ ಬರೆಯುವಾಗ ಅದು ಸರಿಯಾಗಲಿಲ್ಲ ಅನ್ನಿಸುತ್ತದೆ, ಆದರೆ ಏನು ಹೇಳಬೇಕಿತ್ತು ಎಂದು ಇವತ್ತಿಗೂ ಹೊಳೆದಿಲ್ಲ.

ಆಫೀಸಿನಲ್ಲಿ ಗೆಳೆಯರು ಕೇಳಿದರು, ಆಟೋಕ್ಯಾಡ್ ಬಂದು ನಾಲ್ಕು ದಶಕ ದಾಟಿದೆ, ಇನ್ನೂ ಕೈಯಲ್ಲಿ ಬಿಡಿಸುವ ಪರೀಕ್ಷೆ ಯಾಕೆ ಎಂದು. ನನಗೂ ಅದೇ ಅನುಮಾನವಿತ್ತು. ಆ ಎಂಟು ವಾರ ಕಳೆದ ಮೇಲೆ ನನ್ನ ಅಭಿಪ್ರಾಯ ಅರ್ಧ ಬದಲಾಗಿದೆ. ಕಂಪ್ಯೂಟರಿನಲ್ಲಿ ತಪ್ಪನ್ನು ಅಳಿಸುವುದು ಪುಕ್ಕಟೆ, ಹಾಗಾಗಿ ಯೋಚಿಸದೆ ಶುರು ಮಾಡುತ್ತೇವೆ. ಕಾಗದದಲ್ಲಿ ಅಳಿಸುವುದಕ್ಕೆ ಬೆಲೆ ಇದೆ. ಆದರೆ ಅಕ್ಷರದ ಅಂದಕ್ಕೂ ಶೀಟಿನ ಶುಭ್ರತೆಗೂ ಅಷ್ಟು ತಲೆಕೆಡಿಸಿಕೊಳ್ಳುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಸೆಕೆಗೆ ಬೆವರುವ ಕೈಗೂ ಒಂದು ಗಂಟೆಯ ನಿಯಮ ಅರಿತಿರುವ ತಲೆಗೂ ಸಂಬಂಧವಿಲ್ಲ. ಕೈ ಕೆಳಗೆ ಒಂದು ಬಿಳಿ ಹಾಳೆ ಇಟ್ಟುಕೊಂಡು ಬಿಡಿಸು ಎಂದು ಹೇಳಿಕೊಟ್ಟೆ, ಇದ್ದುದರಲ್ಲಿ ಅದೇ ಪರಿಹಾರ.

ಪರೀಕ್ಷೆಯ ಹಿಂದಿನ ಎರಡು ಭಾನುವಾರ ಪೂರ್ತಿ ಪತ್ರಿಕೆ ಬರೆಸಿದೆ. ಮೊದಲನೆಯ ಸಲ ಐದು ಗಂಟೆ ತಗೊಂಡ. ಎರಡನೆಯ ಸಲ ನಾಲ್ಕು ಗಂಟೆ ಹತ್ತು ನಿಮಿಷ. ಅಪ್ಪ ಮೂಲೆಯಲ್ಲಿ ಕೂತು ಶೀಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಅಡಗಿಮನಿ ಕಿಟಕಿಗೆ ಸಜ್ಜಾ ಇಲ್ಲ, ಮಳಿ ಒಲಿಮ್ಯಾಲ ಬೀಳ್ತದ" ಅಂದರು. ನಾನು ಅದನ್ನು ನೋಡಿರಲಿಲ್ಲ.

ಪರೀಕ್ಷೆಯ ದಿನ ಸಂಜೆ ನೇರ ನಮ್ಮ ಮನೆಗೇ ಬಂದ. ಶೀಟ್ ಮುಗಿದಿತ್ತು. ಬಾಗಿಲು ಕಿಟಕಿಗಳ ಪಟ್ಟಿ ಬರೆದಿದ್ದ. ಮೆಟ್ಟಿಲು ಬಂದಿತ್ತು, ಎತ್ತರ ಬೇರೆ, ತುಳಿ ಒಂದು ಕಡಿಮೆ ಹಾಕಿದ್ದ. "ಉತ್ತರ ದಿಕ್ಕಿನ ಬಾಣ ಮರತೆ" ಎಂದು ಹೇಳುವಾಗ ಮಾತ್ರ ಮುಖ ಸಣ್ಣದಾಯಿತು.

ಫಲಿತಾಂಶ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. 70ಕ್ಕೆ 41. ಅಪ್ಪ ಫೋನಿನಲ್ಲಿ ಅಂಕಿಯನ್ನು ಮೂರು ಸಲ ಹೇಳಿದರು. ಈಗ ಹುಡುಗ ಒಬ್ಬ ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಕೈಕೆಳಗೆ ಕೆಲಸ ಮಾಡುತ್ತ, ಮುಂದೆ ಬಿ.ಇ.ಗೆ ಸೇರುವ ಲೆಕ್ಕ ಹಾಕುತ್ತಿದ್ದಾನೆ. ನನ್ನ ಹಳೆಯ ಮಿನಿ ಡ್ರಾಫ್ಟರನ್ನು ವಾಪಸು ಕೊಡಲು ಬಂದಿದ್ದ. ಅದೇ ಶೆಡ್ಡಿನ ಸಾಲಿನಲ್ಲಿ ಕಲಬುರಗಿಯ ಕಡೆಯ ಒಬ್ಬ ಹುಡುಗಿ ಮೊದಲ ವರ್ಷಕ್ಕೆ ಸೇರಿದ್ದಾಳೆ ಎಂದ. ಡ್ರಾಫ್ಟರ್ ಅವಳ ಬಳಿ ಹೋಯಿತು. ಊಟದ ಮೇಜು ಎಂಟೂವರೆಗೆ ಖಾಲಿ ಮಾಡುವ ರೂಢಿ ನಮ್ಮ ಮನೆಯಲ್ಲಿ ಹೇಗೂ ಇದೆ.